ಅಜ್ಜಿಯ ಜಾಲರಿ

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮುಸುಕಿಲ್ಲದೆ ಇದ್ದುವೆಂದರೆ ಅಡುಗೆಯ ಒಲೆ ಮತ್ತು ತಾತನವರ ಬೋಳುಶಿರಸ್ಸು ಮಾತ್ರ. ಉಳಿದಂತೆ ರೇಡಿಯೋ, ಹೂಜಿ, ಮೇಜು, ಕುರ್ಚಿಯ ಬೆನ್ನು ಇವೆಲ್ಲವೂ ಅಜ್ಜಿಯ ಕ್ರೋಷಾ ಕಡ್ಡಿಯಿಂದ ಅವತರಿಸಿದ ಬಿಳಿಯ ಜಾಲರಿಗಳನ್ನು ಹೊದ್ದು, ಆರತಿಗೆ ಕಾದ ಮುತ್ತೈದೆಯರಂತೆ ಗಂಭೀರವಾಗಿ ವಿರಾಜಿಸುತ್ತಿದ್ದುವು. ವಾರ್ತೆ ಕೇಳಬೇಕಾದರೂ ಮೊದಲು ರೇಡಿಯೋವಿನ ಅವಗುಂಠನ ಸರಿಸುವ ಶಾಸ್ತ್ರ ನಡೆಯಬೇಕಾಗಿತ್ತು.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ತಲೆಗೆ ಬಳಿಯುತ್ತಿದ್ದ ಮಕಾಸರ್ ತೈಲದ ಜಿಡ್ಡಿನಿಂದ ಪೀಠಗಳನ್ನು ರಕ್ಷಿಸಲು ಗೃಹಿಣಿಯರು ಹೊದಿಸಿದ ವಸ್ತ್ರಕ್ಕೆ ‘ಆಂಟಿಮಕಾಸರ್’ ಎಂದೇ ಹೆಸರಾಯಿತಂತೆ. ಹರಳೆಣ್ಣೆಯನ್ನು ನೆತ್ತಿಯಿಂದ ಹುಬ್ಬಿನವರೆಗೆ ಇಳಿಯಬಿಡುವ ನಮ್ಮವರಿಗೆ ಜಾಲರಿ ಯಾವ ಲೆಕ್ಕ? ಅದರ ಒಂದೊಂದು ರಂಧ್ರವೂ ಎಣ್ಣೆಗೆ ರಾಜಮಾರ್ಗ!

ಮೊನ್ನೆ ನನ್ನ ಸೊಸೆ ಟ್ರಂಕಿನ ತಳದಿಂದ ಈ ಪಿತ್ರಾರ್ಜಿತವನ್ನು (ಮಾತ್ರಾರ್ಜಿತವೆನ್ನಬೇಕೇನೋ) ಹೊರತೆಗೆದಳು. ನಡುವೆ ಅನಾನಸಿನ ಆಕೃತಿ, ಅಂಚಿಗೆ ಕವಡೆಸಾಲು, ಮಗ್ಗುಲಲ್ಲಿ ಯಾವನೋ ಅತಿಥಿ ಚೆಲ್ಲಿದ ಕಾಫಿಯ ಚಿರಸ್ಮಾರಕ. ಊದಿದ ಬಲೂನಿಗೆ ಗಂಜಿಯಲ್ಲಿ ಅದ್ದಿದ ಜಾಲರಿಗಳನ್ನು ಸುತ್ತಿ, ಒಣಗಿಸಿ, ಬಲೂನನ್ನು ಸೂಜಿಯಿಂದ ಚುಚ್ಚಿದರೆ ದೀಪಕ್ಕೆ ಸೊಗಸಾದ ಗೋಳವಾಗುವುದೆಂದು ಅವಳ ಸಿದ್ಧಾಂತ. ಪ್ರಥಮ ಪ್ರಯೋಗದ ಗೋಳವನ್ನು, ಅಡುಗೆಮನೆಯ ಜಿರಳೆಗಳು ಅನ್ನಸಂತರ್ಪಣೆಯೆಂದು ಭಾವಿಸಿ, ರಾತ್ರಿ ಕಳೆಯುವುದರೊಳಗೆ ಯಥಾಶಕ್ತಿ ಸ್ವೀಕರಿಸಿದ್ದುವು.

ದ್ವಿತೀಯ ಪ್ರಯೋಗಕ್ಕೆ ಗೋಂದು ಬಂದಿತು, ಗೋಳ ನಿಂದಿತು. ಸಂಜೆ ದೀಪ ಹೊತ್ತಿಸಿದಾಗ ಅನಾನಸಿನ ನೆರಳು ಹೋಗಿ ಗೋಡೆಯ ಭಾವಚಿತ್ರದಲ್ಲಿದ್ದ ತಾತನವರ ನೆತ್ತಿಯ ಮೇಲೆ ಕುಳಿತಿತು. ಅಂತೂ ಅಜ್ಜಿ ಅದನ್ನೂ ಬಿಡಲಿಲ್ಲ.