ಕಠಿಣ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುವ ಸರಿಯಾದ ಕ್ರಮ

ಅಂಕೋಲೆ ತಾಲ್ಲೂಕಿನ ಹಿಲ್ಲೂರಿನಲ್ಲಿ ಕೂತು ಇಂಗ್ಲಿಷ್ ಪದಸಂಪತ್ತು ಬೆಳೆಸಲು ಹೊರಟಿದ್ದೀರಾ? ಮೊದಲು ಪುಸ್ತಕ, ಪತ್ರಿಕೆ ಓದುವುದನ್ನು ನಿಲ್ಲಿಸಿ. ಅಲ್ಲಿ ಪದಗಳು ವಾಕ್ಯದೊಳಗೆ ಸಿಕ್ಕಿಕೊಂಡಿರುತ್ತವೆ, ಬಿಡಿಸಿಕೊಳ್ಳುವ ಉಸಾಬರಿ ನಿಮಗೆ ಬೇಡ. ಅಂಕೋಲೆಗೆ ಹೋದಾಗ ಗ್ರಂಥಾಲಯದ ಕಡೆ ತಲೆಹಾಕದೆ ಮೂರು ಸಾವಿರ ಪದಗಳ ಪಟ್ಟಿಯೊಂದನ್ನು ಕೊಳ್ಳಿ.

ಜೊತೆಗೆ ನಾರ್ಮನ್ ಲೂಯಿಸ್ 1949ರಲ್ಲಿ ಹೊರತಂದ ‘ವರ್ಡ್ ಪವರ್ ಮೇಡ್ ಈಸಿ’ಯೂ ಮನೆಯಲ್ಲಿರಲಿ. ಪದವನ್ನು ಬಾಯಿಬಿಟ್ಟು ಹೇಳಿ, ಬಳಸಿ ನೋಡಿ ಎಂದು ಆತ ಹೆಜ್ಜೆಹೆಜ್ಜೆಗೂ ಪೀಡಿಸುತ್ತಾನೆ. ಆ ಅಭ್ಯಾಸಗಳನ್ನೆಲ್ಲ ಹಾರಿಸಿ. ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆದು, ನೆಂಟರ ಕಣ್ಣಿಗೆ ಬೀಳುವಂತೆ ಇಡಿ.

‘ಎ’ಯಿಂದಲೇ ಶುರುಮಾಡಿ. ‘ಬಿ’ ಮುಟ್ಟುವಷ್ಟರಲ್ಲಿ ಜ್ವರವೋ, ಮದುವೆಯೋ, ಬಂಡಿಹಬ್ಬವೋ ಬಂದೇ ಬರುತ್ತದೆ. ಮುಗಿದ ಮೇಲೆ ಮತ್ತೆ ‘ಎ’ಯಿಂದ ಹಿಡಿಯಿರಿ. ಹೀಗೆ ವರ್ಷಗಟ್ಟಲೆ ಸಾಧನೆ ಮಾಡಿದವರ ‘ಎ’ ಎಷ್ಟು ಗಟ್ಟಿಯಿರುತ್ತದೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುವುದಿಲ್ಲ.

ಒಂದು ಪದಕ್ಕೆ ಒಂದೇ ಅರ್ಥ ಬರೆದುಕೊಳ್ಳಿ. ಸ್ಲಿಮ್, ಸ್ಲೆಂಡರ್, ಇಮೇಸಿಯೇಟೆಡ್, ಮೂರಕ್ಕೂ ‘ತೆಳ್ಳಗಿರುವ’ ಎಂದು ಹಾಕಿ ಮುಂದೆ ಸಾಗಿ. ಮದುವೆಮನೆಯಲ್ಲಿ ಮದುಮಗಳನ್ನು ಇವುಗಳಲ್ಲೇ ಉದ್ದನೆಯದರಿಂದ ಹೊಗಳಿ. ಅದು ಅನ್ನ ಕಾಣದೆ ಬಡಕಲಾದವರಿಗೆ ಹೇಳುವ ಮಾತು ಎಂದು ಯಾರಾದರೂ ತಿದ್ದಬಂದರೆ ಪಟ್ಟಿ ತೋರಿಸಿ.

ಉದಾಹರಣೆ ವಾಕ್ಯಗಳಿಗೆ ಮರುಳಾಗಬೇಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಿಟ್ಟೆಲ್ ಪದದ ಪಕ್ಕದಲ್ಲೇ ಗಾದೆ, ಕಾವ್ಯಪ್ರಯೋಗ ಎಂದು ಪೋಣಿಸುತ್ತ ಹೋದರು. ಜೀವಮಾನದ ಎಷ್ಟೋ ವರ್ಷ ಅದಕ್ಕೇ ಹೋಯಿತು. ನಿಮಗೆ ಅಷ್ಟು ಪುರುಸೊತ್ತಿಲ್ಲ. ಇದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಸುದ್ದಿಯೂ ಬೇಡ. ಶಾಲೆಗೆ ಹೋಗದ ಅವರು ತಾಯಿಯ ಜೊತೆ ಹಾಡಿಹಾಡಿಯೇ ಸಾವಿರಾರು ಹಾಲಕ್ಕಿ ಹಾಡು ಕಲಿತು, 2017ರಲ್ಲಿ ಪದ್ಮಶ್ರೀ ಪಡೆದರು. ಬಳಸುತ್ತ ಕಲಿಯುವ ಇಂಥ ಉದಾಹರಣೆಗಳು ನಮ್ಮ ವಿಧಾನದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತವೆ.

ವಿರುದ್ಧಾರ್ಥಕಗಳನ್ನು ತಪ್ಪದೆ ಉರುಹೊಡೆಯಿರಿ. ಜಿಆರ್‌ಇ ಪರೀಕ್ಷೆಯವರು 2011ರಲ್ಲೇ ಆ ಬಗೆಯ ಪ್ರಶ್ನೆ ತೆಗೆದುಹಾಕಿ, ಪದವನ್ನು ವಾಕ್ಯದಲ್ಲಿ ಕೂರಿಸಲು ಹೇಳುತ್ತಿದ್ದಾರೆ. ಅದು ಅವರ ಹಣೆಬರಹ.

ಕಲಿತದ್ದನ್ನು ಪ್ರಯೋಗಿಸಲೇಬೇಕು ಎನ್ನಿಸಿದರೆ ಮೀನುಪೇಟೆಗೆ ಹೋಗಿ. ಬೆಲೆ ಕೇಳಿ, ಹುಬ್ಬೇರಿಸಿ, ‘ಎಕ್ಸಾರ್ಬಿಟಂಟ್’ ಎನ್ನಿ. “ಅದು ಇವತ್ತು ಬರ್ಲಿಲ್ಲ ತಮಾ, ಬಂಗ್ಡೆ ಬೇಕಾದ್ರೆ ತಕೊ” ಎಂಬ ಉತ್ತರ ಬರುತ್ತದೆ. ಚೌಕಾಸಿ ಮಾಡದೆ ತಕೊಳ್ಳಿ.

ಕೊನೆಗೆ ಬೆಂಗಳೂರಿನಲ್ಲಿ ಸಂದರ್ಶನ. ನಿಮ್ಮ ಊರಿನ ಬಗ್ಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ಗಂಗಾವಳಿ ಹೊಳೆ, ಮಳೆಗಾಲದ ನೆರೆ, ಗದ್ದೆ, ತೋಟ, ಇವುಗಳಿಗೆ ಬೇಕಾದ ಸಣ್ಣ ಪದಗಳು ಪಟ್ಟಿಯಲ್ಲಿ ಇರಲಿಲ್ಲವೆಂದು ಗಾಬರಿಯಾಗಬೇಡಿ. ‘ಎ’ ಅಕ್ಷರದ ಹತ್ತು ಪದಗಳನ್ನು ಗಂಭೀರವಾಗಿ ಹೇಳಿ ಎದ್ದುಬನ್ನಿ. ಕೆಲಸ ಸಿಗದಿದ್ದರೆ ಪಟ್ಟಿ ಹಳೆಯದಾಗಿದೆ ಎಂದು ತಿಳಿಯಿರಿ. ಐದು ಸಾವಿರ ಪದಗಳದ್ದೂ ಸಿಗುತ್ತದೆ, ವಾಪಸು ಬರುವಾಗ ತಂದುಬಿಡಿ.