ಊಜಿ ಸಾಕಿದ ಭಾವ

2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ ಮಾಲೂರಿನಲ್ಲಿ ಮಹಡಿ ಇದ್ದವರೆಲ್ಲ ಮನಸ್ಸಿನಲ್ಲೇ ರೈತರಾದರು. ನಾನೂ ಮನಸ್ಸಿನಲ್ಲೇ ನಿಲ್ಲಿಸಿದ್ದರೆ ಆಗುತ್ತಿತ್ತು. ನರ್ಸರಿಯಿಂದ ಸಸಿ ತಂದೆ, ಪೇಂಟಿನ ಹಳೇ ಡಬ್ಬಗಳಿಗೆ ಕೆಮ್ಮಣ್ಣು ತುಂಬಿದೆ, ನೀಲಗಿರಿ ಕಡ್ಡಿ ನೆಟ್ಟು ದಾರ ಬಿಗಿದೆ. ನನ್ನ ಫಸಲು ಬರುವಷ್ಟರಲ್ಲಿ ರೇಟು ಬಿದ್ದಿರುತ್ತದೆ ಎಂಬ ಲೆಕ್ಕ ಟೇಕಲ್ ಕಡೆಯ ನನ್ನ ಭಾಮೈದನಿಗೆ ಗೊತ್ತಿತ್ತು. ಪುಣ್ಯಾತ್ಮ ಬಾಯಿ ಬಿಡಲಿಲ್ಲ.

ಹೂ ಬಿಡುವ ಹೊತ್ತಿಗೆ ಎಲೆಗಳ ಮೇಲೆ ಬಿಳಿ ಮಚ್ಚೆ ಬಿತ್ತು. ಒಂದನ್ನು ಬಿಸಿಲಿಗೆ ಹಿಡಿದು ನೋಡಿದೆ. ಎಲೆಯ ಮೇಲಿನ ಪೊರೆಗೂ ಕೆಳಗಿನ ಪೊರೆಗೂ ನಡುವೆ ತಿಳಿಹಸಿರು ಮರಿಹುಳುವೊಂದು ಹಸಿರನ್ನೆಲ್ಲ ತಿಂದು, ಕಪ್ಪು ಹಿಕ್ಕೆ ಹಾಕುತ್ತಾ ಆರಾಮಾಗಿ ಹೋಗುತ್ತಿತ್ತು. ತಲೆಯ ಹಿಂದೆ ಒಂದು ಕಪ್ಪು ಪಟ್ಟಿ. ಫೋಟೊ ಕಳಿಸಿದ್ದಕ್ಕೆ ಭಾಮೈದನ ಉತ್ತರ, “ಊಜಿ ಬಿದ್ದೈತೆ ಭಾವ.” ರೇಷ್ಮೆ ಹುಳುವನ್ನು ಕಾಡುವ ನೊಣದ ಹೆಸರನ್ನೇ ನಮ್ಮ ರೈತರು ಇದಕ್ಕೂ ಕೊಟ್ಟಿದ್ದಾರೆ. ಆದರೆ ಇದು ನೊಣವಲ್ಲ, ಟುಟಾ ಅಬ್ಸೊಲೂಟಾ ಎಂಬ ಪತಂಗ. ಊರು ದಕ್ಷಿಣ ಅಮೆರಿಕ. 2006ರಲ್ಲಿ ಸ್ಪೇನಿಗೆ ಕಾಲಿಟ್ಟು, 2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಪಾಸ್‌ಪೋರ್ಟ್ ಮಾಡಿಸಿಯೂ ಹೊಸೂರು ದಾಟದ ನನ್ನ ಮನೆಗೆ ಅಷ್ಟು ದೂರದಿಂದ ನೆಂಟರು!

ಮಚ್ಚೆ ಬಿದ್ದ ಎಲೆಗಳನ್ನೆಲ್ಲ ಕಿತ್ತೆ. ಯಾವ ವಿಜ್ಞಾನಿಯೂ ಮೆಚ್ಚುವ ಕೆಲಸ. ಕಿತ್ತದ್ದನ್ನು ದಂಡ ಮಾಡುವುದೇಕೆಂದು ಮಹಡಿಯ ಮೂಲೆಯ ಗೊಬ್ಬರದ ಡ್ರಮ್ಮಿಗೆ ಹಾಕಿದೆ. ಈ ಹುಳು ಬೆಳೆದ ಮೇಲೆ ಮಣ್ಣಿಗಿಳಿದೇ ಕೋಶವಾಗುವುದು ಹೆಚ್ಚು. ನಾನು ಮಣ್ಣು, ಊಟ, ನೆರಳು ಮೂರನ್ನೂ ಒಂದೇ ಡ್ರಮ್ಮಿನಲ್ಲಿ ಒದಗಿಸಿದ್ದೆ. ಮೊಟ್ಟೆಯಿಂದ ಪತಂಗವಾಗಲು ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು 260ರವರೆಗೆ ಮೊಟ್ಟೆ ಇಡುತ್ತದೆ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಅಂಚಿನ ತುಂಬ ಅಕ್ಕಿಕಾಳಿನುದ್ದದ ಪತಂಗಗಳು. ಬೆಳ್ಳಿ ಬೂದಿಯ ಬಣ್ಣ, ರೆಕ್ಕೆ ಮೇಲೆ ಕಪ್ಪು ಚುಕ್ಕೆ, ಹಿಂದಕ್ಕೆ ಬಾಗಿದ ಉದ್ದ ಮೀಸೆ. ಮಾಸ್ತಿಯವರು ಹುಟ್ಟಿದ ತಾಲ್ಲೂಕಿನವನು ಸಣ್ಣಕತೆ ಬರೆಯಬೇಕಿತ್ತು; ಸಣ್ಣ ಪತಂಗ ಸಾಕಿದೆ.

ಆಮೇಲೆ ಮೋಹಕ ಬಲೆ ತಂದೆ. ಹೆಣ್ಣಿನ ವಾಸನೆಯ ಗುಳಿಗೆ ಮೇಲೆ, ಸೋಪುನೀರಿನ ಬೋಗುಣಿ ಕೆಳಗೆ. ಬೆಳಗಾಗುವಷ್ಟರಲ್ಲಿ ನೀರು ಕಾಣದಷ್ಟು ಪತಂಗ! ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ ಹೊಗಳಿಕೆಗೆ ಕಾದೆ. “ಎಲ್ಲಾ ಗಂಡೇ ಭಾವ. ಮೊಟ್ಟೆ ಇಕ್ಕೋವು ಗಿಡದಾಗೇ ಅವೆ” ಎಂದ ಭಾಮೈದ. ಅದೂ ಸಾಲದೆಂಬಂತೆ, ಈ ಜಾತಿಯ ಕೆಲವು ಹೆಣ್ಣುಗಳು ಗಂಡಿನ ಸಂಗವೇ ಇಲ್ಲದೆ ಮರಿ ಮಾಡಬಲ್ಲವೆಂದು 2012ರಲ್ಲಿ ಬೆಲ್ಜಿಯಂನ ಸಂಶೋಧಕರು ಪ್ರಕಟಿಸಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮನೆಯವಳಿಗೆ ಊಜಿಯ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು. “ಜಾಣೆ” ಎಂದಳು.

ಕಾಯಿ ಬಂತು. ತೊಟ್ಟಿನ ಬುಡದಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು. ಕೊಯ್ದರೆ ಒಳಗೆಲ್ಲ ಕೊಳೆತ. ಊಜಿಗೆ ಬದನೆಯೂ ಆಗುತ್ತದೆ, ಆಲೂಗಡ್ಡೆಯೂ ಆಗುತ್ತದೆ. ಪಕ್ಕದ ಮನೆಯ ಅಕ್ಕ ತಮ್ಮ ಬದನೆ ಕುಂಡ ತೋರಿಸಿ, “ಎಲೆ ಯಾಕಣ್ಣ ಹಿಂಗಾಗ್ತಾವೆ?” ಎಂದರು. ಈ ಸಲ ಬಿಸಿಲು ಜಾಸ್ತಿ ಎಂದೆ.

ಮಹಡಿ ರೈತರಲ್ಲಿ ಒಂದು ವಿನಂತಿ. ಮಚ್ಚೆ ಎಲೆ, ತೂತು ಕಾಯಿ ಕಿತ್ತರೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಕಡು ಬಿಸಿಲಿಗಿಡಿ. ಗೊಬ್ಬರಕ್ಕೆ ಹಾಕಬೇಡಿ. ಬದನೆಯ ಆ ಅಕ್ಕ ಪತ್ರಿಕೆ ಓದುತ್ತಾರೆ. ಈ ಪುಟ ಅವರ ಕೈಗೆ ಸಿಗದಂತೆ ನೋಡಿಕೊಂಡರೆ ಉಪಕಾರ.