ಸಪ್ತಾಪುರದ ಭಾವಿ ಸಾಹೇಬರು

ಧಾರವಾಡದ ಸಪ್ತಾಪುರದಲ್ಲಿ ಕಣ್ಣು ಮುಚ್ಚಿ ಕಲ್ಲೊಗೆದರೆ ಅದು ಪಿಎಸ್‌ಐ ಆಕಾಂಕ್ಷಿಯೊಬ್ಬನ ತಲೆಗೇ ಬೀಳುತ್ತದೆ. ಒಗೆದವರ ಮೇಲೆ ಯಾವ ಕಲಂ ಬೀಳುತ್ತದೆ ಎಂಬುದನ್ನು ಆತ ತಲೆ ಒರೆಸಿಕೊಳ್ಳುತ್ತಲೇ ಹೇಳಬಲ್ಲ.

ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮೊದಲ ಅರ್ಜಿ ತುಂಬಿದ ದಿನ ಅಪ್ಪ ಕಟ್ಟೆಯ ಮೇಲೆ ಕೂತು, "ನಮ್ಮ ಹುಡುಗ ಪಿಎಸ್‌ಐ ಆಗಾಕ ಹೋಗ್ಯಾನ" ಅಂದಿದ್ದ. ಸುದ್ದಿ ಅಗಸಿ ದಾಟುವಷ್ಟರಲ್ಲಿ 'ಆಗಾಕ ಹೋಗ್ಯಾನ' ಉದುರಿ 'ಆಗ್ಯಾನ' ಉಳಿಯಿತು. ಅಂದಿನಿಂದ ಅವನು ಸಾಹೇಬ.

ಸಾಹೇಬರ ಕೂದಲು ಹುದ್ದೆಗೆ ಆಗಲೇ ಸೇರಿಬಿಟ್ಟಿದೆ. ಕಂದು ಬೂಟೂ ಸೇರಿದೆ. ಬೈಕಿನ ನಂಬರ್ ಪ್ಲೇಟಿನ ಮೇಲೊಂದು ಕೆಂಪು-ನೀಲಿ ಪಟ್ಟಿ ಕೂತಿದೆ. ಚಹಾದಂಗಡಿಯಲ್ಲಿ ಪೇಪರ್ ಹಿಡಿದು, ಕೊಲೆ ಸುದ್ದಿಗೆ ಹುಬ್ಬೇರಿಸಿ, "ಪಂಚನಾಮಾನ ಬರೋಬ್ಬರಿ ಇಲ್ಲ, ಕೇಸ್ ಬೀಳತೈತಿ ನೋಡ್ರಿ" ಎಂದು ತನಿಖಾಧಿಕಾರಿಯನ್ನು ಅಲ್ಲಿಂದಲೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ನಸುಕಿನಲ್ಲಿ ಮೈದಾನ. 1600 ಮೀಟರನ್ನು ಏಳು ನಿಮಿಷದೊಳಗೆ ಓಡಬೇಕು. ಅವ್ವ ಕಳಿಸಿದ ಅಂಟಿನ ಉಂಡಿ ಅರ್ಧ ರೂಮ್‌ಮೇಟ್‌ಗಳ ಪಾಲು, ಉಳಿದರ್ಧ ಓಟದ ಪಾಲು. ಎದೆ ಐದು ಸೆಂಟಿಮೀಟರ್ ಉಬ್ಬಬೇಕೆಂಬುದು ನಿಯಮ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಅದು ತಾನಾಗಿಯೇ ಹತ್ತು ಉಬ್ಬುತ್ತದೆ. ಕನ್ಯಾ ನೋಡಲು ಹೋದಲ್ಲಿ ಹುಡುಗಿಯ ಸೋದರಮಾವ, "ಆರ್ಡರ್ ಕೈಗೆ ಬಂದೈತೇನ್ರಿ?" ಅಂದರೆ ಹದಿನೈದು ಇಳಿಯುತ್ತದೆ. "ಈ ಸಲ ಕೋರ್ಟಿನ್ಯಾಗ ಸ್ಟೇ ಬರಲಿಲ್ಲಂದ್ರ ಆತ್ರಿ" ಎಂಬುದು ಸಾಹೇಬರ ಸಿದ್ಧ ಉತ್ತರ.

ಅವರನ್ನೂ ದೂರುವಂತಿಲ್ಲ. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದರು. ಕೆಲವರ ಕಿವಿಯಲ್ಲಿ ಬ್ಲೂಟೂತ್ ಉಲಿದಿತ್ತು, ಕೆಲವರ ಓಎಂಆರ್ ಹಾಳೆ ಪರೀಕ್ಷೆ ಮುಗಿದ ಮೇಲೂ ಭರ್ತಿಯಾಗುತ್ತಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಎಲ್ಲ ರದ್ದು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ ಸಿಐಡಿ ಬಂಧಿಸಿತು. ಆ ವರ್ಷ ಸಾಹೇಬರು ಕ್ರಿಮಿನಲ್ ಕಾನೂನಿನ ಪುಸ್ತಕವನ್ನೇ ಕೊಳ್ಳಲಿಲ್ಲ. ವಂಚನೆ, ಒಳಸಂಚು, ಸಾಕ್ಷ್ಯನಾಶ ಎಲ್ಲವೂ ದಿನಪತ್ರಿಕೆಯಲ್ಲಿ ಉದಾಹರಣೆ ಸಮೇತ ಬರುತ್ತಿದ್ದವು.

ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೂ ಕೈಕೊಟ್ಟಿತು, ಮುಂದಿನದಕ್ಕೆ ಓದಲು ಕೂತರೆ ಜುಲೈ 1ಕ್ಕೆ ಐಪಿಸಿಯೇ ಹೋಯಿತು! ಬಾಯಿಪಾಠ ಮಾಡಿದ್ದ 511 ಕಲಂಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 358 ಬಂದು ಕೂತವು. ಕೊಲೆ 302ರಿಂದ 103ಕ್ಕೆ ವರ್ಗವಾಯಿತು. ಸಾಹೇಬರಿಗೆ ಹೆಚ್ಚು ಸಂಕಟವಾದದ್ದು 420ರ ವಿಷಯದಲ್ಲಿ. ಹೊಸ ಪುಸ್ತಕ 358ಕ್ಕೇ ಮುಗಿಯುವುದರಿಂದ ಆ ನಂಬರೇ ಇಲ್ಲ. "ಮೋಸ ಮಾಡೋ ಮಂದಿ ಇದ್ದಷ್ಟ ಅದಾರ, ನಂಬರ ಅಷ್ಟ ಹೋತು" ಎಂದು ಒಂದು ವಾರ ಹಲುಬಿದರು.

ಜೊತೆಗೆ ಓಡುತ್ತಿದ್ದ ಗೆಳೆಯ ಕಾನ್‌ಸ್ಟೆಬಲ್ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿಯೇ ಬಿಟ್ಟ. ಸಾಹೇಬರು ಅದನ್ನು ಬರೆಯಲಿಲ್ಲ. "ನಾಳೆ ಅಂವ ನನಗ ಸೆಲ್ಯೂಟ್ ಹೊಡೀಬೇಕಾಗತೈತಿ, ದೋಸ್ತಿ ಕೆಡತೈತಿ" ಎಂಬ ಮರುಕ ಅವರದು. ಸದ್ಯಕ್ಕೆ ಪ್ರತಿ ತಿಂಗಳು ಐದುನೂರು ರೂಪಾಯಿ ಕಡ ಕೊಡುವವನು ಅವನೇ.

ಮೊನ್ನೆ ಖಾನಾವಳಿಯ ಅಕ್ಕ ಲೆಕ್ಕದ ವಹಿ ತೆಗೆದಳು. "ಸಾಹೇಬ್ರ, ಎರಡು ತಿಂಗಳ ಬಾಕಿ ಐತ್ರಿ. ಇದು ಮೋಸ ಅಲ್ಲೇನ್ರಿ?"

ಸಾಹೇಬರು ಝುಣಕಾ ಹಚ್ಚಿದ ರೊಟ್ಟಿಯ ತುತ್ತನ್ನು ಕೆಳಗಿಟ್ಟು ಗಂಭೀರರಾದರು. "ಇಲ್ಲಕ್ಕಾ. ಕೊಡಬಾರದು ಅಂತ ಮೊದಲಿಂದನ ಮನಸ್ಸಿನ್ಯಾಗ ಇದ್ರ ಅದು ಮೋಸ. ಇದು ಬರೇ ಬಾಕಿ. ಸಿವಿಲ್ ಮ್ಯಾಟರ್, ಪೊಲೀಸ್ರು ಕೈ ಹಾಕಾಂಗಿಲ್ಲ."

ಅಕ್ಕ ಇಂಥ ಹುಡುಗರಿಗೆ ವರ್ಷಗಟ್ಟಲೆ ರೊಟ್ಟಿ ಬಡಿದವಳು, ಅವರ ಮಾತು ಅವಳಿಗೂ ಪಾಠವಾಗಿದೆ. ಬುಟ್ಟಿ ಮುಚ್ಚಿ ಅಂದಳು:

"ಹೌದ್ರಿ ಸಾಹೇಬ್ರ. ನಾಳಿಯಿಂದ ರೊಟ್ಟಿಗೆ ಸ್ಟೇ ಐತ್ರಿ."